ಪ್ಯಾಡ್‌ಲಾಕ್ ಚೂರು ತಿರುಗಿ ನಿಂತುಬಿಡುತ್ತೆ: ಸ್ಪೂಲ್ ಪಿನ್ನೋ, ಇನ್ನೇನೋ?

ಕೊಂಡಿಪುರಾಣ:
ನಮಸ್ಕಾರ. ಬೀಗದಕೈ ಇಲ್ಲದೆ ಬೀಗ ತೆರೆಯುವ ಹವ್ಯಾಸ ನನ್ನದು. ಇದು ಅಭ್ಯಾಸಕ್ಕೆಂದೇ ಕೊಂಡ ಬೀಗ, ಯಾವ ಬಾಗಿಲಿಗೂ ಹಾಕಿದ್ದಲ್ಲ, ಬೀಗದಕೈಯೂ ನನ್ನ ಹತ್ತಿರವೇ ಇದೆ. ಐದು ಪಿನ್, ಅಲ್ಯೂಮಿನಿಯಂ ಮೈ. ಸಾದಾ ಪಿನ್ನಿನ ಬೀಗಗಳು ಈಗ ಸಲೀಸಾಗಿ ತೆರೆಯುತ್ತವೆ. ಇದು ಮಾತ್ರ ಸತಾಯಿಸುತ್ತಿದೆ. ಪ್ಲಗ್ (ಬೀಗದಕೈ ಹೋಗುವ, ತಿರುಗುವ ಉರುಳೆ) ಕೆಲವು ಡಿಗ್ರಿ ತಿರುಗುತ್ತದೆ, ಇನ್ನೇನು ತೆರೆಯಿತು ಅನ್ನುವಷ್ಟರಲ್ಲಿ ಗಕ್ಕನೆ ನಿಲ್ಲುತ್ತದೆ. ಪ್ಲಗ್ಗನ್ನು ತಿರುಗಿಸಲು ಹಿಡಿಯುವ ರೆಂಚ್ ಜೋರಾಗಿ ಒತ್ತಿದರೆ ಇನ್ನೂ ಬಿಗಿ. ಒಂದು ಪಿನ್ ಎತ್ತಲು ಹೋದರೆ ಪ್ಲಗ್ ಹಿಂದಕ್ಕೆ ಸರಿದು, ಉಳಿದವೆಲ್ಲ ಟಪಟಪ ಬಿದ್ದುಹೋಗುತ್ತವೆ. ಸ್ಪೂಲ್ ಪಿನ್ ಅಂದರೆ ಇದೇನಾ?

ಮೂರನೇಪಿನ್:
ಅದೇ. ನೀವು ನಿಂತಿರುವ ಜಾಗಕ್ಕೆ ಫಾಲ್ಸ್ ಸೆಟ್ ಅನ್ನುತ್ತಾರೆ. ಅಲ್ಲಿಯತನಕ ಬಂದಿದ್ದೀರಿ ಅಂದರೆ ಮುಕ್ಕಾಲು ಕೆಲಸ ಆಗಿದೆ.

ಒಳಗೆ ಆಗುತ್ತಿರುವುದು ಇಷ್ಟು. ಪಿನ್ ಕೂರುವ ಪ್ರತಿ ಗೂಡಿನಲ್ಲಿ ಕೆಳಗೆ ಬೀಗದಕೈ ಮುಟ್ಟುವ ಕೀ ಪಿನ್, ಮೇಲೆ ಸ್ಪ್ರಿಂಗ್ ಒತ್ತುವ ಡ್ರೈವರ್ ಪಿನ್. ಸಾದಾ ಡ್ರೈವರ್ ಪಿನ್ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪ. ಸ್ಪೂಲ್ ಪಿನ್ ದಾರದ ರೀಲಿನ ಹಾಗೆ: ಎರಡು ತುದಿ ಅಗಲ, ನಡು ಸಣ್ಣ. ಆ ನಡು ಶಿಯರ್ ಲೈನಿಗೆ (ಪ್ಲಗ್ಗಿಗೂ ಸುತ್ತಲಿನ ಮೈಗೂ ನಡುವಿನ ಗೆರೆಗೆ) ಬಂದಾಗ ಪ್ಲಗ್ಗಿಗೆ ತಿರುಗಲು ಜಾಗ ಸಿಗುತ್ತದೆ. ತಿರುಗಿದ ಕೂಡಲೇ ಪಿನ್ನು ವಾಲಿ, ಅದರ ಕೆಳ ಅಂಚು ಪ್ಲಗ್ಗಿನೊಳಗೇ ಸಿಕ್ಕಿಕೊಳ್ಳುತ್ತದೆ. ಆ ಅಂಚು ಮೇಲಿನ ಗೂಡಿಗೆ ಹೋಗಬೇಕಾದರೆ ಎರಡು ಗೂಡುಗಳೂ ಮತ್ತೆ ನೇರಕ್ಕೆ ಬರಬೇಕು, ಅಂದರೆ ಪ್ಲಗ್ ಸ್ವಲ್ಪ ಹಿಂದಕ್ಕೆ ತಿರುಗಲೇಬೇಕು. ನೀವು ಅದನ್ನು ಸೋಲು ಅಂದುಕೊಂಡು ರೆಂಚ್ ಒತ್ತುತ್ತಿದ್ದೀರಿ. ಬೀಗ ಕೊಡುವ ಸುಳಿವೇ ಅದು: ಯಾವ ಪಿನ್ ಮುಟ್ಟಿದಾಗ ಪ್ಲಗ್ ಹಿಂದೆ ಸರಿಯುತ್ತದೋ ಅದೇ ಸ್ಪೂಲ್.

ಅದನ್ನು ನಿಧಾನಕ್ಕೆ ಎತ್ತಿ, ರೆಂಚಿನ ಬೆರಳು ಸಡಿಲಿಸುತ್ತಾ ಬನ್ನಿ. ಪೂರ್ತಿ ಬಿಡಬೇಡಿ, ಬಿಟ್ಟರೆ ಎಲ್ಲ ಬೀಳುತ್ತವೆ. ಒಂದೆರಡು ಸಾದಾ ಪಿನ್ ಬಿದ್ದರೆ ಚಿಂತೆ ಬೇಡ, ಅವನ್ನು ಮತ್ತೆ ಎತ್ತಿದರಾಯಿತು.

ಕೊಂಡಿಪುರಾಣ:
ಥ್ಯಾಂಕ್ಸ್ ಸರ್. ಎರಡು ಕಡೆ ನೀವು ಹೇಳಿದಂತೆಯೇ ಹಿಂದೆ ಸರಿದು ಕೂತವು. ಆದರೆ ಈಗ ಎರಡು ಗೊಂದಲ. ನಾನು ಏನೂ ಮುಟ್ಟದಿದ್ದರೂ ರೆಂಚ್ ಸಡಿಲಿಸಿದರೆ ಪ್ಲಗ್ ವಾಪಸ್ ಬರುತ್ತದೆ. ಇನ್ನೊಂದು, ನಾಲ್ಕನೇ ಪಿನ್ನಿನಲ್ಲಿ ಹಿಂದೆ ಸರಿಯುವುದೇ ಇಲ್ಲ, ಕಟ್ ಕಟ್ ಕಟ್ ಅಂತ ಸಣ್ಣ ಸದ್ದು ಮಾತ್ರ. ಪ್ರತಿ ಸಲವೂ ಕೂತಿತು ಅನ್ನಿಸುತ್ತದೆ.

ತಾಮ್ರದಕಿವಿ:
ಮೊದಲನೆಯದಕ್ಕೆ ಒಂದು ಪರೀಕ್ಷೆ. ಬೀಗದಕೈ ಹಾಕಿ, ತಿರುಗಿಸಿ, ಕೈ ಬಿಡಿ. ತಾನಾಗಿ ವಾಪಸ್ ಬಂತಾ? ಬಂದರೆ ಒಳಗೆ ಪ್ಲಗ್ಗನ್ನು ಹಿಂದಕ್ಕೆ ತಳ್ಳುವ ಸ್ಪ್ರಿಂಗ್ ಇದೆ. ಹಲವು ಪ್ಯಾಡ್‌ಲಾಕ್‌ಗಳಲ್ಲಿ ಹೀಗಿರುತ್ತದೆ, ಬಾಗಿಲಿನ ಸಿಲಿಂಡರಿನಲ್ಲಿ ಕಲಿತವರು ಪ್ಯಾಡ್‌ಲಾಕಿಗೆ ಬಂದು ತಬ್ಬಿಬ್ಬಾಗುವುದೂ ಇಲ್ಲೇ. ರೆಂಚಿನ ಒತ್ತಡದ ಒಂದು ಪಾಲನ್ನು ಆ ಸ್ಪ್ರಿಂಗೇ ನುಂಗುತ್ತದೆ. "ಹಗುರವಾಗಿ ಹಿಡಿ" ಅನ್ನುವ ಉಪದೇಶ ಕಣ್ಣುಮುಚ್ಚಿ ಪಾಲಿಸಿದರೆ ಪಿನ್ನಿಗೆ ಒತ್ತಡವೇ ತಲುಪುವುದಿಲ್ಲ. ಸ್ಪ್ರಿಂಗಿಗೆ ಸರಿಸಮ ಆಗುವಷ್ಟು ಮೊದಲು ಕೊಡಿ, ಆಮೇಲೆ ಅದರ ಮೇಲೆ ಒಂಚೂರು. ಬೆರಳಿನ ಮೇಲೆ ಸದಾ ಒಂದೇ ಸಮ ಇರುವ ತಳ್ಳಾಟ ಸ್ಪ್ರಿಂಗಿನದು. ಪಿಕ್ಕಿನಲ್ಲಿ (ಪಿನ್ ಎತ್ತುವ ಸಣ್ಣ ಕೊಕ್ಕೆ) ಒಂದು ಪಿನ್ ಎತ್ತಿದಾಗ ಮಾತ್ರ ಬರುವ ತಳ್ಳಾಟ ಸ್ಪೂಲಿನದು.

ನಾಲ್ಕನೆಯದು ಸೆರೇಟೆಡ್ ಇರಬೇಕು. ಮೈಸುತ್ತ ಸಣ್ಣ ಗೀರುಗಳು, ಪ್ರತಿ ಗೀರೂ ಶಿಯರ್ ಲೈನಿನಲ್ಲಿ ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತದೆ. ಗೀರು ಆಳ ಇಲ್ಲದ್ದರಿಂದ ಪ್ಲಗ್ ಹೆಚ್ಚು ತಿರುಗುವುದಿಲ್ಲ, ಸದ್ದು ಮಾತ್ರ. ಅಮೆರಿಕನ್ ಲಾಕ್ ಕಂಪನಿಯ 1100 ಸರಣಿಯ ಪ್ಯಾಡ್‌ಲಾಕ್ ಹವ್ಯಾಸಿಗಳ ನಡುವೆ ಹೆಸರಾಗಿರುವುದೇ ಈ ಬೆರಕೆಯಿಂದ: ಸ್ಪೂಲೂ ಉಂಟು, ಸೆರೇಟೆಡ್ಡೂ ಉಂಟು, ಕೆಳಗಿನ ಕೀ ಪಿನ್ನಿನಲ್ಲೂ ಗೀರು. ಕೀ ಪಿನ್ನಿನ ಗೀರು ಕಿರಿಕಿರಿ ಜಾಸ್ತಿ. ಜಾಸ್ತಿ ಎತ್ತಿಬಿಟ್ಟಾಗಲೂ "ಕಟ್" ಅಂತ ಕೂತ ಹಾಗೇ ನಟಿಸುತ್ತದೆ.

ಸದ್ದನ್ನು ನಂಬಬೇಡಿ, ಪಿನ್ನನ್ನು ಅಲ್ಲಾಡಿಸಿ ನೋಡಿ. ಸ್ಪ್ರಿಂಗಿನಂತೆ ಪುಟಿದರೆ ಅದರ ಸರದಿ ಇನ್ನೂ ಬಂದಿಲ್ಲ. ಕಲ್ಲಿನಂತೆ ಬಿಗಿಯಾಗಿದ್ದರೆ ಈಗ ಕಚ್ಚಿಕೊಂಡಿರುವುದು ಅದೇ, ಒಂದೇ ಒಂದು ಕ್ಲಿಕ್ ಎತ್ತಿ ಮಿಕ್ಕವನ್ನು ಒಂದು ಸುತ್ತು ನೋಡಿ ಬನ್ನಿ. ಕೀ ಪಿನ್ ಕೆಳಗೆ ಸಡಿಲವಾಗಿ ಆಡಿದರೆ ಕೂತಿದೆ. ಕೆಳಗೆ ಬಾರದೆ ಮೇಲೆಯೇ ಅಂಟಿಕೊಂಡಿದ್ದರೆ ಎತ್ತಿದ್ದು ಹೆಚ್ಚಾಯಿತು, ರೆಂಚ್ ಬಿಟ್ಟು ಮೊದಲಿಂದ.

ಹಳೆಸ್ಪ್ರಿಂಗ್:
ಮಧ್ಯೆ ಬಾಯಿ ಹಾಕ್ತೀನಿ. ಈ ಮೋಸದ ಕಚ್ಚು ಇಂದಿನದಲ್ಲ. ಲಂಡನ್ನಿನ ಬ್ರಾಮಾ ಬೀಗದ ಸ್ಲೈಡರುಗಳಲ್ಲೂ (ಪಿನ್ನಿನ ಬದಲು ಜಾರುವ ಪಟ್ಟಿಗಳು) ಸುಳ್ಳು ಕಚ್ಚುಗಳಿದ್ದವು. 1851ರಲ್ಲಿ ಅಮೆರಿಕದ ಬೀಗ ತಜ್ಞ ಆಲ್ಫ್ರೆಡ್ ಹಾಬ್ಸ್ ಅದನ್ನು ತೆರೆದಾಗ 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತಿದ್ದ. ನೀವು ನಾಲ್ಕನೇ ಪಿನ್ನಿಗೆ ಇಷ್ಟು ಬೇಗ ಬೇಜಾರಾದರೆ ಹೇಗೆ?

ಇನ್ನು ಕೆಲಸದ ಮಾತು. ಊಹಿಸುವುದಕ್ಕಿಂತ ಬಿಚ್ಚಿ ನೋಡುವುದು ಒಳ್ಳೆಯದು. ಬೀಗದಕೈಯಿಂದ ತೆರೆದು, ಕೊಂಡಿ ಸರಿಸಿ, ಅದು ಕೂರುವ ರಂಧ್ರದ ತಳಕ್ಕೆ ಟಾರ್ಚ್ ಬಿಡಿ. ಸ್ಕ್ರೂ ಕಂಡರೆ ಅದನ್ನು ಬಿಚ್ಚಿ, ಕೋರ್ (ಪ್ಲಗ್, ಪಿನ್ನುಗಳಿರುವ ಭಾಗ) ಹೊರಗೆ ಬರುತ್ತದೆ. ಪ್ಲಗ್ ಎಳೆಯುವಾಗ ಅದರ ಹಿಂದೆಯೇ ಅಷ್ಟೇ ದಪ್ಪದ ಒಂದು ಕಡ್ಡಿಯನ್ನು ತಳ್ಳುತ್ತಾ ಹೋಗಬೇಕು, ಫಾಲೋವರ್ ಅಂತ ಸಿಗುತ್ತದೆ. ಇಲ್ಲದಿದ್ದರೆ ಡ್ರೈವರುಗಳೂ ಸ್ಪ್ರಿಂಗುಗಳೂ ಮನೆತುಂಬ ಹಾರುತ್ತವೆ. ಸಾಲು ತಪ್ಪದಂತೆ ತಟ್ಟೆಯಲ್ಲಿಡಿ. ಗೂಡಿನ ಗೋಡೆಯನ್ನೂ ಭೂತಗನ್ನಡಿಯಲ್ಲಿ ನೋಡಿ. ಕೆಲವು ಬೀಗಗಳಲ್ಲಿ ಅಲ್ಲೂ ಗೀರು ಕೊರೆದಿರುತ್ತಾರೆ, ಪಿನ್ನಿನ ಗೀರಿಗೆ ಅದು ಸಿಕ್ಕಿಕೊಳ್ಳಲಿ ಅಂತ.

ಕೊಂಡಿಪುರಾಣ:
ಬಿಚ್ಚಿದೆ. ಹೌದು, ಬೀಗದಕೈ ತಾನಾಗಿ ವಾಪಸ್ ಬರುತ್ತದೆ. ಒಂದು ಮತ್ತು ಮೂರು ಸ್ಪೂಲ್, ನಾಲ್ಕು ಸೆರೇಟೆಡ್, ಅದರ ಕೀ ಪಿನ್ನಿನಲ್ಲೂ ಗೀರು. ಗೂಡಿನ ಗೋಡೆ ನುಣುಪು. ಮುಂದೆ ಹೇಗೆ ಅಭ್ಯಾಸ ಮಾಡಲಿ?

ಮೂರನೇಪಿನ್:
ಎಲ್ಲ ಹಾಕಬೇಡಿ. ನಾಲ್ಕನೇ ಗೂಡಿನ ಪಿನ್ನುಗಳನ್ನು ಮಾತ್ರ ಹಾಕಿ, ಅದು ಸುಳ್ಳು ಹೇಳುವ ರೀತಿ ಬೆರಳಿಗೆ ಗೊತ್ತಾಗಲಿ. ಆಮೇಲೆ ಒಂದನೆಯದು ಸೇರಿಸಿ, ನಂತರ ಮೂರನೆಯದು. ಎಣ್ಣೆ ಬೇಡ, ಧೂಳು ಹಿಡಿದು ಅಂಟಾಗುತ್ತದೆ, ಗ್ರಾಫೈಟ್ ಪುಡಿ ಸಾಕು. ಪ್ರತಿ ಸಲ ಜೋಡಿಸಿದ ಮೇಲೆ ಕೋರನ್ನು ಮೈಗೆ ಕೂರಿಸುವ ಮುಂಚೆಯೇ ಬೀಗದಕೈ ಹಾಕಿ ತಿರುಗಿಸಿ ನೋಡಿ. ಪಿನ್ನು ಅದಲುಬದಲಾಗಿ ಕೊಂಡಿ ಮುಚ್ಚಿಕೊಂಡರೆ ಆ ಸ್ಕ್ರೂ ಮತ್ತೆ ಕೈಗೆ ಸಿಗುವುದಿಲ್ಲ.