ಹೊಸ ನೈಟ್ರೋ ಬಗ್ಗಿ: ಇಗ್ನೈಟರ್ ತೆಗೆದ ಕೂಡಲೇ ಇಂಜಿನ್ ಆಫ್, ಹಗ್ಗವೂ ವಿಪರೀತ ಬಿಗಿ

ಬಗ್ಗಿ_ಮೈಸೂರು

ಎಲ್ಲರಿಗೂ ನಮಸ್ಕಾರ. ಗಾಡಿ 1/8 ಅಳತೆಯ ರಿಮೋಟ್ ಕಂಟ್ರೋಲ್ ಬಗ್ಗಿ, .21 ಇಂಜಿನ್ (3.5 ಸಿಸಿ), ಪುಲ್ ಸ್ಟಾರ್ಟ್ (ಹಗ್ಗ ಎಳೆದು ಸ್ಟಾರ್ಟ್ ಮಾಡುವುದು). ಫ್ಯೂಯಲ್ 20% ನೈಟ್ರೋ (ನೈಟ್ರೋಮೀಥೇನ್). ನೀಡಲ್ (ಕಾರ್ಬ್ಯುರೇಟರ್‌ನಲ್ಲಿ ಫ್ಯೂಯಲ್ ಪ್ರಮಾಣ ಹೊಂದಿಸುವ ಸ್ಕ್ರೂ) ಮುಟ್ಟಿಲ್ಲ, ಕಂಪನಿಯಿಂದ ಬಂದ ಹಾಗೇ ಇವೆ. ತೊಂದರೆ ಹೀಗಿದೆ: ಹಗ್ಗ ಎಳೆದರೆ ಒಂದು ಜಾಗದಲ್ಲಿ ಕಚ್ಚಿಕೊಂಡ ಹಾಗೆ ನಿಲ್ಲುತ್ತದೆ. ಹೇಗೋ ಸ್ಟಾರ್ಟ್ ಆದರೂ ಗ್ಲೋ ಇಗ್ನೈಟರ್ (ಪ್ಲಗ್ಗಿನ ಸುರುಳಿ ಬಿಸಿ ಮಾಡುವ ಬ್ಯಾಟರಿ ಸಾಧನ) ತೆಗೆದ ತಕ್ಷಣ ಆಫ್ ಆಗುತ್ತದೆ. ಇಗ್ನೈಟರ್ ಇಟ್ಟುಕೊಂಡೇ ಥ್ರಾಟಲ್ ಕೊಟ್ಟರೆ ದಟ್ಟ ಬಿಳಿ ಹೊಗೆ, ಗುಳುಗುಳು ಸದ್ದು, ಆಮೇಲೆ ಸಾಯುತ್ತದೆ. ಹೊಗೆ ಪೈಪ್ ತುದಿಯಿಂದ ಎಣ್ಣೆ ತೊಟ್ಟಿಕ್ಕುತ್ತಿದೆ. ನೀಡಲ್ ಬಿಗಿ ಮಾಡಲೇ? ರನ್ನಿಂಗ್ ಇನ್ (ಹೊಸ ಇಂಜಿನ್ ಪಳಗಿಸುವುದು) ಎಷ್ಟು ಟ್ಯಾಂಕ್ ಮಾಡಬೇಕು?

ಗ್ಲೋಪ್ಲಗ್

ಸದ್ಯಕ್ಕೆ ನೀಡಲ್ ಮುಟ್ಟಬೇಡಿ ಸರ್. ಮೊದಲು ಹಗ್ಗದ ವಿಷಯ.

ಈ ಇಂಜಿನ್‌ಗಳ ಪಿಸ್ಟನ್‌ಗೆ ರಿಂಗ್ ಇರುವುದಿಲ್ಲ. ಪಿಸ್ಟನ್ ಅಲ್ಯೂಮಿನಿಯಂ, ಸ್ಲೀವ್ (ಪಿಸ್ಟನ್ ಓಡಾಡುವ ಕೊಳವೆ) ಕ್ರೋಮ್ ಲೇಪಿಸಿದ ಹಿತ್ತಾಳೆ. ಸ್ಲೀವ್ ಮೇಲಕ್ಕೆ ಹೋದಂತೆ ಕೂದಲೆಳೆಯಷ್ಟು ಕಿರಿದಾಗುತ್ತದೆ, ಅದಕ್ಕೇ ತಣ್ಣಗಿರುವಾಗ ಪಿಸ್ಟನ್ ಮೇಲ್ತುದಿಯಲ್ಲಿ ಕಚ್ಚುತ್ತದೆ. ಬಿಸಿಯಾದರೆ ಹಿತ್ತಾಳೆ ಹಿಗ್ಗಿ ದಾರಿ ಬಿಡುತ್ತದೆ. ಅಂದರೆ ಬಿಗಿ ಇರುವುದು ಒಳ್ಳೆಯ ಲಕ್ಷಣ, ಆದರೆ ತಣ್ಣಗಿದ್ದಾಗ ಬಲವಂತ ಮಾಡಿದರೆ ಹಗ್ಗ ಹರಿಯುತ್ತದೆ, ಇಲ್ಲವೇ ಸ್ಟಾರ್ಟರ್‌ನ ಒನ್ ವೇ ಬೇರಿಂಗ್ ಹೋಗುತ್ತದೆ, ಕನೆಕ್ಟಿಂಗ್ ರಾಡ್‌ಗೂ ಪೆಟ್ಟು. ಹೇರ್ ಡ್ರೈಯರ್‌ನಿಂದ ಹೆಡ್ಡನ್ನು 60-70 ಡಿಗ್ರಿಯವರೆಗೆ ಬಿಸಿ ಮಾಡಿ. ಆಮೇಲೂ ಬಿಗಿ ಅನಿಸಿದರೆ ಗ್ಲೋ ಪ್ಲಗ್ಗನ್ನು ಅರ್ಧ ಸುತ್ತು ಸಡಿಲಿಸಿ ಸ್ಟಾರ್ಟ್ ಮಾಡಿ, ಸ್ಟಾರ್ಟ್ ಆದ ಕೂಡಲೇ ಮತ್ತೆ ಬಿಗಿಮಾಡಿ. ಹಗ್ಗವನ್ನು ಒಂದಡಿಗಿಂತ ಹೆಚ್ಚು ಎಳೆಯಬೇಡಿ. ಚಿಕ್ಕ ಚಿಕ್ಕ ಎಳೆತ ಸಾಕು.

ನೀವು ಹೇಳಿದ ಲಕ್ಷಣ ನೋಡಿದರೆ ಓವರ್‌ಫ್ಲೋ ಕೂಡ ಆಗಿರಬಹುದು. ಸಿಲಿಂಡರ್‌ನಲ್ಲಿ ಫ್ಯೂಯಲ್ ತುಂಬಿಕೊಂಡರೂ ಹಗ್ಗ ಹೀಗೇ ನಿಲ್ಲುತ್ತದೆ. ಪ್ಲಗ್ ಬಿಚ್ಚಿ (8 ಮಿಮೀ ಪ್ಲಗ್ ಸ್ಪ್ಯಾನರ್, ತಾಮ್ರದ ವಾಷರ್ ಕಳೆಯಬೇಡಿ), ಗಾಡಿಯನ್ನು ತಲೆಕೆಳಗು ಹಿಡಿದು ನಾಲ್ಕೈದು ಸಲ ಹಗ್ಗ ಎಳೆಯಿರಿ. ತೂತಿನಿಂದ ಫ್ಯೂಯಲ್ ಚಿಮ್ಮುತ್ತದೆ, ಮುಖ ದೂರವಿರಲಿ. ಫ್ಯೂಯಲ್‌ನ ಬಹುಪಾಲು ಮೆಥನಾಲ್. ಅದು ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಕೈಗವಸು ಹಾಕಿಕೊಂಡು, ಬಯಲಲ್ಲೇ ಈ ಕೆಲಸ ಮಾಡಿ.

ಬಿಚ್ಚಿದ ಪ್ಲಗ್ಗಿಗೆ ಇಗ್ನೈಟರ್ ಹಾಕಿ ನೋಡಿ. ಸುರುಳಿ ಪೂರ್ತಿ ಕಿತ್ತಳೆ ಬಣ್ಣಕ್ಕೆ ಹೊಳೆಯಬೇಕು. ಮಂಕಾಗಿದ್ದರೆ ಇಗ್ನೈಟರ್ ಚಾರ್ಜ್ ಮಾಡಿ, ಅರ್ಧ ಭಾಗವೇ ಹೊಳೆದರೆ ಪ್ಲಗ್ ಬದಲಿಸಿ. ಸ್ಟಾರ್ಟ್ ಆದ ಮೇಲೆ ಸುರುಳಿಯ ಪ್ಲಾಟಿನಂ ಮತ್ತು ಮೆಥನಾಲ್ ನಡುವಿನ ಕ್ರಿಯೆಯೇ ಅದನ್ನು ಕೆಂಪಗೆ ಇಡಬೇಕು. ಮಿಶ್ರಣ ತೀರಾ ರಿಚ್ (ಗಾಳಿಗಿಂತ ಫ್ಯೂಯಲ್ ಪಾಲು ಅತಿ) ಇದ್ದರೆ, ಹೆಡ್ ತಣ್ಣಗಿದ್ದರೆ, ಸುರುಳಿ ಆರುತ್ತದೆ. ನಿಮ್ಮಲ್ಲಿ ಆಗುತ್ತಿರುವುದು ಅದೇ. ಹೊಸ ಇಂಜಿನ್‌ಗೆ ಕಂಪನಿಯವರು ಬೇಕೆಂದೇ ರಿಚ್ ಇಟ್ಟಿರುತ್ತಾರೆ. ಇಗ್ನೈಟರನ್ನು ಮೊದಲ ಒಂದೆರಡು ನಿಮಿಷ ತೆಗೆಯಬೇಡಿ, ಐಡಲ್ ಸ್ಕ್ರೂ ಸ್ವಲ್ಪ ಏರಿಸಿ ಕಾರ್ಬ್‌ನ ಬಾಯಿ 1 ಮಿಮೀ ತೆರೆದಿರುವಂತೆ ಮಾಡಿ, ಹೆಡ್ ಬಿಸಿಯಾಗಲು ಬಿಡಿ.

ಸ್ಟಾರ್ಟ್ ಮಾಡುವ ಮುನ್ನ ರೇಡಿಯೋ ಆನ್ ಇರಬೇಕು, ರಿಸೀವರ್ ಬ್ಯಾಟರಿ ತುಂಬಿರಬೇಕು, ಸಿಗ್ನಲ್ ತಪ್ಪಿದರೆ ಬ್ರೇಕ್ ಬೀಳುವಂತೆ ಫೇಲ್‌ಸೇಫ್ ಸೆಟ್ ಆಗಿರಬೇಕು. ಇದನ್ನು ಬಿಟ್ಟರೆ ಯಾರದಾದರೂ ಕಾಲು ಮುರಿಯುತ್ತದೆ.

ಲೀನ್_ಬೇಡ

ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ರನ್ನಿಂಗ್ ಇನ್ ಅಂದರೆ ನಾಲ್ಕೈದು ಟ್ಯಾಂಕ್ ಬರೀ ಐಡಲ್‌ನಲ್ಲಿ ಓಡಿಸುವುದು ಎಂಬ ಹಳೆಯ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ತಣ್ಣಗೆ ಓಡಿದಷ್ಟು ಹೊತ್ತೂ ಆ ಬಿಗಿ ಜಾಗದಲ್ಲಿ ಪಿಸ್ಟನ್ ಸವೆಯುತ್ತದೆ, ಆಯಸ್ಸು ಅಲ್ಲೇ ಮುಗಿಯುತ್ತದೆ. ಮೊದಲ ಟ್ಯಾಂಕ್ ಚಕ್ರ ನೆಲಕ್ಕೆ ತಾಗದಂತೆ ಇಟ್ಟು ಐಡಲ್‌ನಲ್ಲಿ ಓಡಲಿ. ಚಕ್ರ ಮೇಲಿದ್ದಾಗ ಫುಲ್ ಥ್ರಾಟಲ್ ಮಾತ್ರ ಯಾವತ್ತೂ ಕೊಡಬೇಡಿ, ಲೋಡ್ ಇಲ್ಲದೆ ಆರ್‌ಪಿಎಂ ಏರಿ ರಾಡ್ ಮುರಿಯುತ್ತದೆ. ಎರಡನೇ ಟ್ಯಾಂಕಿನಿಂದ ನೆಲಕ್ಕಿಳಿಸಿ. ಅರ್ಧ ಥ್ರಾಟಲ್‌ವರೆಗೆ ನಿಧಾನವಾಗಿ ಏರಿಸಿ, ಬಿಡಿ, ಮತ್ತೆ ಏರಿಸಿ. ನಂತರದ ಟ್ಯಾಂಕ್‌ಗಳಲ್ಲಿ ಮುಕ್ಕಾಲು, ಕೊನೆಗೆ ಒಂದೆರಡು ಸೆಕೆಂಡಿನ ಫುಲ್ ಥ್ರಾಟಲ್. ಒಟ್ಟು ಐದಾರು ಟ್ಯಾಂಕ್.

ಇನ್‌ಫ್ರಾರೆಡ್ ಗನ್ ತೆಗೆದುಕೊಂಡು ಗ್ಲೋ ಪ್ಲಗ್ ಇರುವ ಗುಂಡಿಯತ್ತ ಗುರಿಯಿಟ್ಟು ಅಳೆಯಿರಿ. ಹೆಡ್ಡಿನ ಫಿನ್ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ. ರನ್ನಿಂಗ್ ಇನ್ ಹೊತ್ತಿನಲ್ಲಿ 90-100 ಡಿಗ್ರಿ ಇರಲಿ. ಅಷ್ಟಕ್ಕೆ ಏರದಿದ್ದರೆ ನೀಡಲ್ ಬಿಗಿ ಮಾಡುವ ಮುಂಚೆ ಹೆಡ್ಡಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ನೋಡಿ.

ಪ್ರತಿ ಟ್ಯಾಂಕ್ ಆದ ಮೇಲೆ ಪೂರ್ತಿ ಆರಲು ಬಿಡಿ, ಅದೂ ಪಿಸ್ಟನ್ ಕೆಳತುದಿಯಲ್ಲಿರುವಂತೆ. ಮೇಲ್ತುದಿಯಲ್ಲಿ ನಿಂತು ಆರಿದರೆ ಸ್ಲೀವ್ ಕುಗ್ಗಿ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಈಗಲೇ ಪ್ಲಗ್ ಬಿಚ್ಚಿರುವಾಗ ಕೆಳತುದಿ ನೋಡಿಕೊಂಡು ಫ್ಲೈವೀಲ್ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಹಾಕಿಡಿ.

ಬಗ್ಗಿ_ಮೈಸೂರು

ತುಂಬಾ ಉಪಕಾರ. ಪ್ಲಗ್ ಬಿಚ್ಚಿದೆ, ಫ್ಯೂಯಲ್ ಚಿಮ್ಮಿತು, ಸುರುಳಿ ಒದ್ದೆಯಾಗಿತ್ತು, ಆದರೆ ಪೂರ್ತಿ ಹೊಳೆಯುತ್ತಿದೆ. ಬಿಸಿ ಮಾಡಿ ಎಳೆದರೆ ಈಗ ಸ್ಟಾರ್ಟ್ ಆಗಿ ನಿಲ್ಲುತ್ತಿದೆ. ರನ್ನಿಂಗ್ ಇನ್ ಮುಗಿದ ಮೇಲೆ ಟ್ಯೂನಿಂಗ್ ಎಲ್ಲಿಂದ ಶುರು? ಮುಂದಿನ ತಿಂಗಳು ಗಾಡಿ ಮಂಗಳೂರಿಗೆ ಹೋಗಲಿದೆ, ಅಲ್ಲಿ ಇದೇ ಸೆಟ್ಟಿಂಗ್ ನಡೆಯುತ್ತದೆಯೇ?

ಲೀನ್_ಬೇಡ

ಮೊದಲು ಹೈ ಸ್ಪೀಡ್ ನೀಡಲ್, ಆಮೇಲೆ ಲೋ ಸ್ಪೀಡ್, ಕೊನೆಗೆ ಐಡಲ್. ಈ ಕ್ರಮ ಬದಲಿಸಬೇಡಿ. ಹೈ ಸ್ಪೀಡ್ ನೀಡಲ್ ತಿರುಗಿಸಿದರೆ ಕೆಳಗಿನ ಆರ್‌ಪಿಎಂ ಮಿಶ್ರಣವೂ ಬದಲಾಗುತ್ತದೆ. ಬಲಕ್ಕೆ ತಿರುಗಿಸಿದರೆ ಲೀನ್ (ಫ್ಯೂಯಲ್ ಕಡಿಮೆ), ಎಡಕ್ಕೆ ರಿಚ್. ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ, ಅಷ್ಟೇ. ಪ್ರತಿ ಬದಲಾವಣೆಯ ನಂತರ ಎರಡು ಮೂರು ರೌಂಡ್ ಓಡಿಸಿ. ಟ್ಯಾಂಕ್ ಅರ್ಧ ಇರುವಾಗ ಟ್ಯೂನ್ ಮಾಡುವುದು ಉತ್ತಮ.

ನೇರ ದಾರಿಯಲ್ಲಿ ಫುಲ್ ಥ್ರಾಟಲ್ ಕೊಟ್ಟಾಗ ಸದ್ದು ಗುಳುಗುಳು ಇಲ್ಲದೆ ಒಂದೇ ಸಮ ಏರಬೇಕು, ಹಿಂದೆ ತೆಳುವಾದ ಹೊಗೆಯ ಗೆರೆ ಯಾವಾಗಲೂ ಕಾಣಬೇಕು. ಹೊಗೆ ಮಾಯವಾಗಿ ಸದ್ದು ಕೀರಲಾದರೆ, ಕೊನೆಯಲ್ಲಿ ಪಿಕಪ್ ಬಿದ್ದರೆ, ಅದು ಲೀನ್. ತಕ್ಷಣ ನಿಲ್ಲಿಸಿ ಎಡಕ್ಕೆ ತಿರುಗಿಸಿ. ಫ್ಯೂಯಲ್ ಜೊತೆಗೇ ಎಣ್ಣೆಯೂ ಬರುವುದು, ಹಾಗಾಗಿ ಫ್ಯೂಯಲ್ ಕಡಿಮೆಯಾದರೆ ಲೂಬ್ರಿಕೇಶನ್ ಕೂಡ ಕಡಿಮೆ. ತಾಪಮಾನ 105-125ರ ನಡುವೆ ಇರಬೇಕು, ಆದರೆ ಬರೀ ಗನ್ ನಂಬಬೇಡಿ. 110 ತೋರಿಸುತ್ತಿದ್ದೂ ಹೊಗೆ ಇಲ್ಲದಿದ್ದರೆ ಹೊಗೆಯನ್ನೇ ನಂಬಿ.

ಲೋ ಸ್ಪೀಡ್‌ಗೆ ಪಿಂಚ್ ಟೆಸ್ಟ್. ಬಿಸಿ ಇಂಜಿನ್ ಐಡಲ್‌ನಲ್ಲಿರುವಾಗ ಫ್ಯೂಯಲ್ ಪೈಪನ್ನು ಕಾರ್ಬ್ ಹತ್ತಿರವೇ ಹಿಸುಕಿ ಹಿಡಿಯಿರಿ. ಎರಡು ಮೂರು ಸೆಕೆಂಡ್ ಓಡಿ, ಸ್ವಲ್ಪ ಆರ್‌ಪಿಎಂ ಏರಿ ನಿಂತರೆ ಸರಿ. ಕೂಡಲೇ ಆಫ್ ಆದರೆ ಲೀನ್, ಐದಾರು ಸೆಕೆಂಡ್ ಎಳೆದಾಡಿದರೆ ರಿಚ್. ಥ್ರಾಟಲ್ ಬಿಟ್ಟ ಮೇಲೂ ಆರ್‌ಪಿಎಂ ಇಳಿಯದೆ ಏರಿಯೇ ನಿಲ್ಲುತ್ತಿದ್ದರೆ, ನೀಡಲ್ ಎಷ್ಟು ತಿರುಗಿಸಿದರೂ ಅದು ಹೋಗದಿದ್ದರೆ, ಕಾರ್ಬ್ ಬುಡದಲ್ಲಿ ಅಥವಾ ಬ್ಯಾಕ್ ಪ್ಲೇಟ್‌ನಲ್ಲಿ ಗಾಳಿ ಸೋರುತ್ತಿದೆ. ಅಲ್ಲಿ ಹೈ ಟೆಂಪ್ ಸಿಲಿಕೋನ್ ಹಚ್ಚಿ. ಹೊಗೆ ಪೈಪಿನಿಂದ ಟ್ಯಾಂಕಿಗೆ ಹೋಗುವ ಪ್ರೆಶರ್ ಟ್ಯೂಬ್ ಬಿರುಕು ಬಿಟ್ಟಿದ್ದರೂ ಟ್ಯೂನ್ ನಿಲ್ಲುವುದಿಲ್ಲ, ಅದನ್ನು ಮೊದಲು ನೋಡಿ.

ಗ್ಲೋಪ್ಲಗ್

ಮಂಗಳೂರಿನ ಪ್ರಶ್ನೆಗೆ: ನಡೆಯುವುದಿಲ್ಲ. ಮೈಸೂರು 750 ಮೀಟರಿಗಿಂತ ಎತ್ತರದಲ್ಲಿದೆ, ಮಂಗಳೂರು ಸಮುದ್ರಮಟ್ಟದಲ್ಲಿ. ಕೆಳಗೆ ಗಾಳಿ ದಟ್ಟ, ಅಷ್ಟೇ ಫ್ಯೂಯಲ್‌ಗೆ ಹೆಚ್ಚು ಆಮ್ಲಜನಕ ಸಿಗುತ್ತದೆ, ಹಾಗಾಗಿ ಇಲ್ಲಿಯ ಸೆಟ್ಟಿಂಗ್ ಅಲ್ಲಿ ಲೀನ್. ಹೋದ ಕೂಡಲೇ ಹೈ ಸ್ಪೀಡ್ ನೀಡಲ್ ಕಾಲು ಸುತ್ತು ಎಡಕ್ಕೆ ತಿರುಗಿಸಿ ಸ್ಟಾರ್ಟ್ ಮಾಡಿ, ಅಲ್ಲಿಂದ ಎಂಟರಲ್ಲೊಂದು ಸುತ್ತಿನ ಲೆಕ್ಕದಲ್ಲಿ ಹಿಂದಕ್ಕೆ ಬನ್ನಿ. ಕರಾವಳಿಯ ತೇವದ ಗಾಳಿಯಲ್ಲಿ ಆಮ್ಲಜನಕ ತುಸು ಕಡಿಮೆ, ಆದ್ದರಿಂದ ಕೊನೆಗೆ ಬದಲಾವಣೆ ಅಷ್ಟು ದೊಡ್ಡದಿರದು. ಆದರೂ ರಿಚ್ ಕಡೆಯಿಂದಲೇ ಶುರು ಮಾಡಿ.

ಅಲ್ಲಿ 25% ಫ್ಯೂಯಲ್ ಸಿಕ್ಕಿ ಅದನ್ನು ಹಾಕಿದರೂ ನೀಡಲ್ ತೆರೆಯಬೇಕು. ಒಂದು ಗ್ರಾಂ ಮೆಥನಾಲ್ ಉರಿಯಲು ಸುಮಾರು 6.4 ಗ್ರಾಂ ಗಾಳಿ ಬೇಕು, ನೈಟ್ರೋಮೀಥೇನ್‌ಗೆ 1.7 ಗ್ರಾಂ ಸಾಕು. ಅಂದರೆ ನೈಟ್ರೋ ಹೆಚ್ಚಿದಷ್ಟೂ ಅದೇ ಗಾಳಿಗೆ ಹೆಚ್ಚು ಫ್ಯೂಯಲ್ ಹೋಗಬೇಕು.

ದಿನದ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್‌ನಲ್ಲಿ ಉಳಿದದ್ದು ತೀರುವವರೆಗೆ ಓಡಿಸಿ. ಮೆಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಕರಾವಳಿಯಲ್ಲಂತೂ ಬೇರಿಂಗ್ ಬೇಗ ತುಕ್ಕು ಹಿಡಿಯುತ್ತದೆ. ಪ್ಲಗ್ ತೂತಿಗೆ, ಕಾರ್ಬ್ ಬಾಯಿಗೆ ನಾಲ್ಕು ನಾಲ್ಕು ಹನಿ ಆಫ್ಟರ್ ರನ್ ಆಯಿಲ್ ಬಿಟ್ಟು, ಇಂಜಿನ್ ತಿರುಗಿಸಿ, ಪಿಸ್ಟನ್ ಗೆರೆಗೆ ತಂದು ಇಡಿ. ಫ್ಯೂಯಲ್ ಡಬ್ಬದ ಮುಚ್ಚಳ ಬಿಗಿಯಾಗಿರಲಿ, ಬಿಸಿಲಿಗೆ ಇಡಬೇಡಿ.