ಮನೆಯ ಲ್ಯಾಬ್‌ಗೆ ಹಳೆಯ ರ್ಯಾಕ್ ಸರ್ವರ್ ಕೊಳ್ಳಲೇ, ಮಿನಿ ಪಿಸಿ ಸಾಕೇ?

ಪ್ರಶ್ನೆ: ಕ್ಯಾತ್ಸಂದ್ರ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ನಿರ್ವಹಣೆಯ ಕೆಲಸದಲ್ಲಿದ್ದೇನೆ. ಅಲ್ಲಿನ ಸರ್ವರ್‌ಗಳ ಮೇಲೆ ಪ್ರಯೋಗ ಮಾಡುವಂತಿಲ್ಲವಾದ್ದರಿಂದ, ಮನೆಯಲ್ಲೇ ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದೊಳಗೆ ಹಲವು ವರ್ಚುವಲ್ ಮಶೀನು, ಅಂದರೆ ತಂತ್ರಾಂಶದಲ್ಲೇ ರೂಪಿಸಿದ ಕಂಪ್ಯೂಟರುಗಳನ್ನು ನಡೆಸುವ ವ್ಯವಸ್ಥೆ) ಹಾಕಿಕೊಂಡು ವಿಂಡೋಸ್‌ನ ಆಕ್ಟಿವ್ ಡೈರೆಕ್ಟರಿ (ಕಚೇರಿಯ ಬಳಕೆದಾರರನ್ನೂ ಕಂಪ್ಯೂಟರುಗಳನ್ನೂ ಒಂದೆಡೆಯಿಂದ ನಿರ್ವಹಿಸುವ ಸೇವೆ), ಲಿನಕ್ಸ್ ಮತ್ತು ಕುಬರ್ನೆಟೀಸ್ (ಹಲವು ಮಶೀನುಗಳ ಮೇಲೆ ತಂತ್ರಾಂಶಗಳನ್ನು ಹಂಚಿ ನಡೆಸುವ ವ್ಯವಸ್ಥೆ) ಕಲಿಯಬೇಕೆಂದಿದ್ದೇನೆ. ಕೈಯಲ್ಲಿರುವುದು 30,000 ರೂಪಾಯಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಎರಡು ಕ್ಸಿಯಾನ್ ಪ್ರೊಸೆಸರ್, 64 ಜಿಬಿ ರ್ಯಾಮ್ ಇರುವ ಡೆಲ್ ಪವರ್‌ಎಡ್ಜ್ ಆರ್720 ಸರ್ವರನ್ನು 22,000ಕ್ಕೆ ಕೊಡುವುದಾಗಿ ಹೇಳಿದ್ದಾರೆ. ಅಷ್ಟು ರ್ಯಾಮ್ ಆ ಬೆಲೆಗೆ ಬೇರೆಲ್ಲೂ ಸಿಗದು ಎನ್ನಿಸಿ ಮನಸ್ಸು ಅತ್ತ ವಾಲಿದೆ. ಆದರೆ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಸರ್ವರನ್ನು ಅಪ್ಪ ಮಲಗುವ ಹಜಾರದಲ್ಲೇ ಇಡಬೇಕು. ತಿಂಗಳಿಗೆ ಸರಾಸರಿ 70 ಯೂನಿಟ್ ಕರೆಂಟು ಸುಡುತ್ತೇವೆ, ಗೃಹಜ್ಯೋತಿಯಲ್ಲಿ 77 ಯೂನಿಟ್‌ವರೆಗೆ ಉಚಿತವಿದೆ. ಕೊಳ್ಳಬಹುದೇ?

ಉತ್ತರ: ಚಿಂತಾಮಣಿ

ದಯವಿಟ್ಟು ಮುಂಗಡ ಕೊಡುವ ಮೊದಲು ಇದನ್ನು ಓದಿ. ಇದೇ ಮಾದರಿಯ ಸರ್ವರನ್ನು ನಾನು ಎರಡು ವರ್ಷ ಮನೆಯಲ್ಲಿ ಇಟ್ಟುಕೊಂಡಿದ್ದೆ.

ಅದು ಎಷ್ಟು ಕರೆಂಟು ಎಳೆಯುತ್ತದೆಂದು ತಿಳಿಯಲು ಒಂದು ರಾತ್ರಿ ಮನೆಯ ಉಳಿದೆಲ್ಲವನ್ನೂ ಆರಿಸಿ, ಮೀಟರಿನ ಮುಂದೆ ನಿಂತು ಕೆಂಪು ದೀಪದ ಮಿಣುಕನ್ನು ಎಣಿಸಿದೆ. ನಮ್ಮ ಮೀಟರಿನಲ್ಲಿ ಒಂದು ಯೂನಿಟ್‌ಗೆ ದೀಪ 3200 ಬಾರಿ ಮಿಣುಕುತ್ತದೆ. ಈ ಸಂಖ್ಯೆ ಮೀಟರಿನ ಮುಖದ ಮೇಲೆಯೇ ಅಚ್ಚಾಗಿರುತ್ತದೆ. ಹತ್ತು ನಿಮಿಷಕ್ಕೆ 64 ಮಿಣುಕು ಬಂದವು. ಗಂಟೆಗೆ 384 ಎಂದಾಯಿತು, ಅಂದರೆ 120 ವಾಟ್. ಇದು ಯಾವ ವರ್ಚುವಲ್ ಮಶೀನಿಗೂ ಕೆಲಸವಿಲ್ಲದ ಹೊತ್ತಿನ ಲೆಕ್ಕ.

120 ವಾಟ್ ಹಗಲಿರುಳು ಓಡಿದರೆ ತಿಂಗಳಿಗೆ 86 ಯೂನಿಟ್. ನಿಮ್ಮ 70ಕ್ಕೆ ಇದು ಸೇರಿದರೆ 156 ಆಗಿ, ಉಚಿತವಾದ 77 ಕಳೆದ ಮೇಲೂ 79 ಯೂನಿಟ್‌ಗೆ ನೀವು ಹಣ ಕಟ್ಟಬೇಕು. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ಐದೂವರೆ ಸಾವಿರ ದಾಟುತ್ತದೆ. ಬೇಸಿಗೆಯಲ್ಲಿ ಕೂಲರ್ ಓಡಿ ಒಟ್ಟು 200 ಯೂನಿಟ್ ಮೀರಿದ ತಿಂಗಳಲ್ಲಂತೂ ಉಚಿತದ ಭಾಗವೂ ಹೋಗಿ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಸದ್ದಿನ ವಿಷಯ ಹೆಚ್ಚು ಬೆಳೆಸುವುದಿಲ್ಲ. ಸರ್ವರ್ ಶುರುವಾಗುವಾಗ ಆ ಸಣ್ಣ ಫ್ಯಾನುಗಳೆಲ್ಲ ಒಟ್ಟಿಗೆ ಕೂಗಿಕೊಳ್ಳುತ್ತವೆ, ಆಮೇಲೂ ಪೂರ್ತಿ ಮೌನವಾಗುವುದಿಲ್ಲ. ನಿಮ್ಮ ತಂದೆಯವರ ನಿದ್ದೆಯನ್ನು ನೆನೆಸಿಕೊಂಡರೆ ಇದೊಂದೇ ಕಾರಣ ಸಾಕು.

ನನ್ನ ಸಲಹೆ: ಕಚೇರಿಗಳಿಂದ ಹೊರಬಂದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಕೊಳ್ಳಿ. ಲೆನೊವೊ ಥಿಂಕ್‌ಸೆಂಟರ್ ಎಂ720ಕ್ಯೂ, ಡೆಲ್ ಆಪ್ಟಿಪ್ಲೆಕ್ಸ್ 7060 ಮೈಕ್ರೊ, ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ4 ಮಿನಿ, ಇವುಗಳಲ್ಲಿ ಯಾವುದಾದರೂ ಆದೀತು. ಇವುಗಳಲ್ಲಿ ಸಿಗುವ ಐ5-8500ಟಿ ಪ್ರೊಸೆಸರಿನಲ್ಲಿ ಆರು ಕೋರ್‌ಗಳಿವೆ, ಅಂದರೆ ಒಟ್ಟಿಗೆ ದುಡಿಯಬಲ್ಲ ಆರು ಘಟಕಗಳು. ನನ್ನದು ಸರಾಸರಿ 15 ವಾಟ್ ಎಳೆಯುತ್ತದೆ, ತಿಂಗಳಿಗೆ 11 ಯೂನಿಟ್. ನಿಮ್ಮ ಮನೆಯಲ್ಲಿ ಆಗ ಹಣ ಕಟ್ಟಬೇಕಾದದ್ದು ನಾಲ್ಕೇ ಯೂನಿಟ್‌ಗೆ.

64 ಜಿಬಿ ನೋಡಿ ಮರುಳಾಗಬೇಡಿ. ನೀವು ಹೇಳಿದ ಕೆಲಸಕ್ಕೆ ಎಷ್ಟು ಬೇಕೆಂದು ಕೂಡಿಸಿ ನೋಡೋಣ: ಎರಡು ವಿಂಡೋಸ್ ಸರ್ವರ್‌ಗಳಿಗೆ ತಲಾ 4 ಜಿಬಿ, ಒಂದು ವಿಂಡೋಸ್ ಕ್ಲೈಂಟ್‌ಗೆ 4, ಕುಬರ್ನೆಟೀಸ್‌ನ ಮುಖ್ಯ ಮಶೀನಿಗೆ 4, ಅದರ ಕೈಕೆಳಗೆ ಕೆಲಸ ಮಾಡುವ ಎರಡು ವರ್ಕರ್ ಮಶೀನುಗಳಿಗೆ ತಲಾ 2, ಪ್ರಾಕ್ಸ್‌ಮಾಕ್ಸ್‌ಗೆ 2. ಒಟ್ಟು 22. ಹಾಗಾಗಿ 32 ಜಿಬಿ ಧಾರಾಳ. ಕೋರ್‌ಗಳನ್ನು ಇರುವುದಕ್ಕಿಂತ ಹೆಚ್ಚು ಹಂಚಿದರೂ ಲ್ಯಾಬಿನಲ್ಲಿ ನಡೆಯುತ್ತದೆ, ಏಕೆಂದರೆ ಎಲ್ಲ ಮಶೀನುಗಳೂ ಒಟ್ಟಿಗೆ ದುಡಿಯುವುದು ಅಪರೂಪ. ರ್ಯಾಮ್ ವಿಷಯದಲ್ಲಿ ಆ ಧೈರ್ಯ ಮಾಡಬೇಡಿ. ವಿಂಡೋಸ್ ಸರ್ವರಿಗೆ 180 ದಿನಗಳ ಮೌಲ್ಯಮಾಪನ ಆವೃತ್ತಿಯಿದೆ, ಕಲಿಕೆಗೆ ಅದೇ ಸಾಕು.

ಉತ್ತರ: ಬಂಗಾರಪೇಟೆ

ಚಿಂತಾಮಣಿಯವರ ಲೆಕ್ಕ ಸರಿಯಾಗಿದೆ, ಒಂದು ಮಾತಿನಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಹಾರ್ಡ್‌ವೇರ್ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವುದು), ಓಡುತ್ತಿರುವಾಗಲೇ ಡಿಸ್ಕ್ ಬದಲಿಸುವುದು, ಡೆಲ್ ಸರ್ವರ್‌ಗಳಲ್ಲಿರುವ ಐಡ್ರಾಕ್ ಮೂಲಕ ದೂರದಿಂದ ಸರ್ವರ್ ನಿರ್ವಹಿಸುವುದು, ಇವು ಮಿನಿ ಪಿಸಿಯಲ್ಲಿ ಕಲಿಯಲು ಬರುವುದಿಲ್ಲ. ಅದೇ ನಿಮ್ಮ ಉದ್ದೇಶವಾಗಿದ್ದರೆ ರ್ಯಾಕ್ ಸರ್ವರ್ ಕೊಂಡು ಭಾನುವಾರಗಳಂದು ಮಾತ್ರ ಹಚ್ಚಬಹುದು. ನೀವು ಬರೆದಿರುವ ವಿಷಯಗಳಿಗೆ ಅದರ ಅಗತ್ಯ ಕಾಣುವುದಿಲ್ಲ.

ಉಳಿತಾಯವಾದ ಹಣವನ್ನು ಒಳ್ಳೆಯ ಎಸ್‌ಎಸ್‌ಡಿ ಮತ್ತು ಯುಪಿಎಸ್‌ಗೆ ಹಾಕಿ. ಮಳೆಗಾಲದ ಒಂದು ಸಂಜೆ ಕರೆಂಟು ಹೋಗಿ, ಬಂದು, ಎರಡೇ ನಿಮಿಷದಲ್ಲಿ ಮತ್ತೆ ಹೋದಾಗ ನನ್ನ ಡೊಮೈನ್ ಕಂಟ್ರೋಲರಿನ (ಆಕ್ಟಿವ್ ಡೈರೆಕ್ಟರಿ ನಡೆಸುವ ಸರ್ವರಿನ) ಡಿಸ್ಕ್ ಕೆಟ್ಟು, ಮಶೀನ್ ಮೇಲೇಳಲೇ ಇಲ್ಲ. ಬ್ಯಾಕಪ್ ಇತ್ತು, ಆದರೆ ಅದೇ ಎಸ್‌ಎಸ್‌ಡಿಯ ಮೇಲೆ, ಅದೂ ಓದಲು ಬರಲಿಲ್ಲ. ಮೂರು ತಿಂಗಳು ಕಟ್ಟಿದ್ದನ್ನು ಮೊದಲಿನಿಂದ ಕಟ್ಟಬೇಕಾಯಿತು. ಈಗ ಯುಎಸ್‌ಬಿ ಕೇಬಲ್ ಇರುವ 600 ವಿಎ ಯುಪಿಎಸ್‌ಗೆ ಮಿನಿ ಪಿಸಿ ಮತ್ತು ರೂಟರ್ ಎರಡನ್ನೂ ಸೇರಿಸಿದ್ದೇನೆ. ಬ್ಯಾಟರಿ ಇಳಿದಾಗ ನಟ್ ಎಂಬ ತಂತ್ರಾಂಶ ಪ್ರಾಕ್ಸ್‌ಮಾಕ್ಸ್‌ಗೆ ತಿಳಿಸುತ್ತದೆ, ಅದು ವರ್ಚುವಲ್ ಮಶೀನುಗಳನ್ನು ಒಂದೊಂದಾಗಿ ಮುಚ್ಚಿ ತಾನೂ ಮುಚ್ಚಿಕೊಳ್ಳುತ್ತದೆ. ಬ್ಯಾಕಪ್ ಪ್ರತಿ ರಾತ್ರಿ ಹೊರಗಿನ ಹಾರ್ಡ್ ಡಿಸ್ಕಿಗೆ ಹೋಗುತ್ತದೆ.

ಎಸ್‌ಎಸ್‌ಡಿ ಕೊಳ್ಳುವಾಗ ಕ್ಯುಎಲ್‌ಸಿ ಬಗೆಯ ಮೆಮೊರಿಯದನ್ನು ಬಿಟ್ಟು ಟಿಎಲ್‌ಸಿ ಬಗೆಯದನ್ನು ಆರಿಸಿ, ಮತ್ತೆ ಮತ್ತೆ ದತ್ತಾಂಶ ಬರೆಯುವ ಹೊರೆಯನ್ನು ಅದು ಹೆಚ್ಚು ಕಾಲ ತಾಳುತ್ತದೆ. ಒಂದೇ ಡಿಸ್ಕ್ ಇರುವಾಗ ಝಡ್‌ಎಫ್‌ಎಸ್ ಎಂಬ ಡಿಸ್ಕ್ ವ್ಯವಸ್ಥೆಯ ಹಿಂದೆ ಹೋಗದೆ, ಪ್ರಾಕ್ಸ್‌ಮಾಕ್ಸ್‌ನಲ್ಲಿರುವ ಇನ್ನೊಂದು ಸರಳ ವ್ಯವಸ್ಥೆಯಾದ ಎಲ್‌ವಿಎಂ-ಥಿನ್ ಮೇಲೆಯೇ ಶುರುಮಾಡಿ.

ಮರುಪ್ರಶ್ನೆ: ಕ್ಯಾತ್ಸಂದ್ರ, ತುಮಕೂರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ನಾನೂ ಮೀಟರಿನ ಮುಂದೆ ನಿಂತು ಎಣಿಸಿದೆ. ಫ್ರಿಜ್ ಒಂದರದೇ ಲೆಕ್ಕ ನೋಡಿ ಗಾಬರಿಯಾಯಿತು. ರ್ಯಾಕ್ ಸರ್ವರ್ ಬೇಡವೆಂದು ಅಂಗಡಿಯವರಿಗೆ ತಿಳಿಸಿದ್ದೇನೆ. ಶನಿವಾರ ರೈಲಿನಲ್ಲಿ ಹೋಗಿ ಮಿನಿ ಪಿಸಿ ನೋಡುತ್ತೇನೆ. ಅಂಗಡಿಯಲ್ಲಿ ಏನೇನು ಪರೀಕ್ಷಿಸಬೇಕು? ಆ ಸರ್ವರಿನ ರ್ಯಾಮನ್ನು ಮಾತ್ರ ಬಿಡಿಯಾಗಿ ಕೊಂಡು ಇದಕ್ಕೆ ಹಾಕಬಹುದೇ?

ಉತ್ತರ: ಚಿಂತಾಮಣಿ

ಆಗುವುದಿಲ್ಲ. ಅದು ರಿಜಿಸ್ಟರ್ಡ್ ಡಿಡಿಆರ್3, ಅಂದರೆ ಸರ್ವರ್‌ಗಳಿಗೆಂದೇ ಮಾಡಿದ ಹಳೆಯ ಪೀಳಿಗೆಯ ರ್ಯಾಮ್. ಮಿನಿ ಪಿಸಿಗೆ ಬೇಕಾದದ್ದು ಲ್ಯಾಪ್‌ಟಾಪಿನ ಅಳತೆಯ ಡಿಡಿಆರ್4. ಸ್ಲಾಟಿಗೆ ಕೂರುವುದೇ ಇಲ್ಲ. 16 ಜಿಬಿಯ ಎರಡು ಕಡ್ಡಿಗಳನ್ನು ಕೊಳ್ಳಿ.

ಪ್ರಾಕ್ಸ್‌ಮಾಕ್ಸ್ ಇನ್‌ಸ್ಟಾಲರ್ ಮತ್ತು ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಇರುವ ಪೆನ್‌ಡ್ರೈವ್‌ಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಮೊದಲು ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆ) ತೆರೆಸಿ, ಯಾವುದೋ ಕಚೇರಿಯ ಪಾಸ್‌ವರ್ಡ್ ಉಳಿದಿದ್ದರೆ ಆ ಯಂತ್ರವನ್ನು ಅಲ್ಲೇ ಬಿಡಿ. ವರ್ಚುವಲ್ ಮಶೀನುಗಳಿಗೆ ನೆರವಾಗುವ ವಿಟಿ-ಎಕ್ಸ್ ಮತ್ತು ವಿಟಿ-ಡಿ ಎಂಬ ಸೌಲಭ್ಯಗಳೆರಡೂ ಅಲ್ಲಿ ಆನ್ ಆಗುತ್ತವೆಯೇ ನೋಡಿ. ಅಡಾಪ್ಟರ್ ಅದೇ ಕಂಪನಿಯದಾಗಿರಲಿ. ಡೆಲ್ ಯಂತ್ರಗಳು ಬೇರೆ ಅಡಾಪ್ಟರನ್ನು ಗುರುತಿಸದೆ ಪ್ರೊಸೆಸರಿನ ವೇಗವನ್ನೇ ಇಳಿಸಿಬಿಡುತ್ತವೆ. ಎರಡೂ ಸ್ಲಾಟಿನಲ್ಲಿ ರ್ಯಾಮ್ ಹಾಕಿಸಿ, ಮೆಮ್‌ಟೆಸ್ಟ್ ಒಂದು ಸುತ್ತು ಮುಗಿಯುವವರೆಗೆ ಅಲ್ಲೇ ಕಾಯಿರಿ. ಅಂಗಡಿಯವರು ಅವಸರ ಮಾಡಿದರೂ ಏಳಬೇಡಿ.