ಮಣ್ಣಲ್ಲಿ ಸಿಕ್ಕ ತೂತುಮುಚ್ಚಳದ ಹಿತ್ತಾಳೆ ಡಬ್ಬಿ: ಪನ್ನೀರುದಾನಿಯೇ?

ಪ್ರಶ್ನೆ (ಬದಿಯಡ್ಕದಿಂದ): ಅಡಿಕೆ ತೋಟದಲ್ಲಿ ಮೆಟಲ್ ಡಿಟೆಕ್ಟರಿಗೆ ಸಿಕ್ಕಿದ್ದು. ಎತ್ತರ 9 ಸೆಂ.ಮೀ., ಅಗಲ 6. ಗುಮ್ಮಟದಂಥ ಮುಚ್ಚಳದಲ್ಲಿ 3 ಮಿ.ಮೀ. ತೂತುಗಳು, ಪಕ್ಕದಲ್ಲಿ ಹಿಡಿ ಮುರಿದ ಗುರುತು. ಮುಚ್ಚಳ ತಿರುಗುವುದೇ ಇಲ್ಲ.

ಉತ್ತರ 1: ಪನ್ನೀರುದಾನಿ ಅಲ್ಲ ಮಾರಾಯ್ರೆ. ಅದಕ್ಕೆ ಉದ್ದ, ಸಪೂರ ಕುತ್ತಿಗೆ ಇರುತ್ತದೆ, ತುದಿಯ ಮೊಗ್ಗಿನಲ್ಲಿ ಸಣ್ಣ ತೂತುಗಳು. ಕೊಡವಿದರೆ ಹನಿ ಮಾತ್ರ ಬೀಳಬೇಕು. ಇಷ್ಟು ದೊಡ್ಡ ತೂತಾದರೆ ಪನ್ನೀರು ಸುರಿದೇ ಹೋದೀತು. ಇದು ಹಿಟ್ಟೋ ಸಕ್ಕರೆಯೋ ಉದುರಿಸುವ ಡಬ್ಬಿ. ಉಪ್ಪಿನದಾದರೆ ಡಬ್ಬಿಯೂ ತೂತೂ ಇನ್ನೂ ಚಿಕ್ಕದು. ಬುಡದಲ್ಲಿ ‘ಇ.ಪಿ.ಎನ್.ಎಸ್.’ ಎಂದು ಇಂಗ್ಲಿಷಿನಲ್ಲಿ ಒತ್ತಿದ್ದರೆ ಬೆಳ್ಳಿ ಅಂದುಕೊಳ್ಳಬೇಡಿ: ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹಕ್ಕೆ ಬೆಳ್ಳಿಯ ತೆಳು ಲೇಪ ಅಷ್ಟೆ.

ಉತ್ತರ 2: ದಯವಿಟ್ಟು ಹುಣಸೆಹುಳಿ ಹಚ್ಚಬೇಡಿ! ಕಿಲುಬಿನ ಜೊತೆ ಹಳೆಯ ಮೈಬಣ್ಣವೂ ಹೋಗುತ್ತದೆ, ಅಲ್ಲಲ್ಲಿ ತಾಮ್ರದ ಕೆಂಪು ಏಳುತ್ತದೆ. ಬರೀ ನೀರಲ್ಲಿ ನೆನೆಸಿ, ನೀರು ಬದಲಿಸುತ್ತಾ ಇರಿ. ತೂತಿನ ಮಣ್ಣನ್ನು ಬಿದಿರಿನ ಕಡ್ಡಿಯಿಂದ ತೆಗೆಯಿರಿ, ಸೂಜಿ ಗೀರುತ್ತದೆ. ಮುಚ್ಚಳದ ಸಂದಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು ಮರುದಿನ ಕೈಯಲ್ಲೇ ತಿರುಗಿಸಿ. ಇಕ್ಕಳ ಹಾಕಿದರೆ ತಗಡು ಸೀಳುತ್ತದೆ.

ಕೇಳಿದವರು: ಬುಡದಲ್ಲಿ ಅಕ್ಷರ ಇಲ್ಲ, ಪಕ್ಕದಲ್ಲಿ ಉದ್ದಕ್ಕೆ ಬೂದು ಬೆಸುಗೆ ಗೆರೆ ಇದೆ.

ಉತ್ತರ 1: ಹಾಗಾದರೆ ಎರಕವಲ್ಲ, ತಗಡು ಸುತ್ತಿ ಮಾಡಿದ್ದು. ಮುಚ್ಚಳ ಬಿಡಿಸಲು ಬೆಂಕಿ ತೋರಿಸಲೇಬೇಡಿ, ಸೀಸದ ಬೆಸುಗೆ ಕರಗಿ ಡಬ್ಬಿ ಬಿಚ್ಚಿಕೊಂಡೀತು.